ಕುಯ್ಲು ಮುಗಿಸಿ ಒಂದು ಸುತ್ತು



ಕಳೆದ ಸಭೆಯಲ್ಲಿ ಗೊಬ್ಬರದ ವಿಷಯ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಸದಸ್ಯರೊಬ್ಬರು ಇಂಗ್ಲೆಂಡಿನಲ್ಲಿರುವ ತಮ್ಮ ಮಗನ ಸುದ್ದಿ ತೆಗೆದರು. ಆತ ಈ ಚಳಿಗಾಲದಲ್ಲಿ ಹೆಂಡತಿ ಮಕ್ಕಳೊಂದಿಗೆ ಮನೆಯಂಥ ಒಂದು ಮೋಟಾರು ವಾಹನದಲ್ಲಿ ಫ್ರಾನ್ಸ್ ದೇಶವನ್ನು ಹಾದು ಸ್ಪೇನಿಗೆ ಹೋಗುವನಂತೆ. ಒಲೆ, ಹಾಸಿಗೆ, ನೀರಿನ ತೊಟ್ಟಿ, ಕಕ್ಕಸು ಎಲ್ಲವೂ ಅದರಲ್ಲೇ ಇವೆ. ಫ್ರಾನ್ಸಿನ ಬೆಟ್ಟದ ಜಿಲ್ಲೆಗಳಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಹಿಮಕ್ಕೆ ತಕ್ಕ ಟೈರು ಅಥವಾ ಸರಪಣಿ ಇರಲೇಬೇಕೆಂಬ ನಿಯಮ 2021ರಿಂದ ಜಾರಿಯಲ್ಲಿದೆ. ಬ್ರಿಟನ್ ಯುರೋಪಿನ ಒಕ್ಕೂಟವನ್ನು ಬಿಟ್ಟ ಮೇಲೆ ಅಲ್ಲಿನ ಪ್ರಜೆಗಳಿಗೂ 180 ದಿನಗಳಲ್ಲಿ 90 ದಿನ ಮಾತ್ರ ಆ ಕಡೆ ಇರಲು ಅವಕಾಶ. ಆದ್ದರಿಂದ ದಿನ ಎಣಿಸಿ, ದಾರಿ ಗುರುತು ಹಾಕಿ, ಆರು ತಿಂಗಳ ಮೊದಲೇ ಯೋಜನೆ ಮಾಡಿದ್ದಾನೆ.

ಕೇಳಿದವರೆಲ್ಲ ತಲೆದೂಗಿದರು. ಆಗ ಮೂಲೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ಚಳಿಗಾಲದಲ್ಲಿ ಹೊರಡುವವನಿಗೆ ಕಣ ಇರುವುದಿಲ್ಲ ಬಿಡಿ" ಎಂದರು. ಮಾತು ನಿಜ. ಸ್ಪೇನಿನ ಹಾಯೆನ್ ಪ್ರಾಂತದಲ್ಲಿ ಆಲಿವ್ ಬೆಳೆಯುವವರಿಗೂ ಕುಯ್ಲು ನವೆಂಬರಿನಿಂದ ಫೆಬ್ರವರಿಯವರೆಗೇ. ಬಿಸಿಲು ಹುಡುಕಿಕೊಂಡು ಬರುವವರ ಗಾಡಿ ಹೆದ್ದಾರಿಯಲ್ಲಿ ಹೋಗುವಾಗ ಅಲ್ಲಿಯ ರೈತ ಮರದ ಕೆಳಗೆ ಬಲೆ ಹಾಸಿ ಕಾಯಿ ಉದುರಿಸುತ್ತಿರುತ್ತಾನೆ. ನಮ್ಮ ಗತಿಯೂ ಅದೇ. ಆಕಾಶ ತಿಳಿಯಾಗಿ, ರಸ್ತೆ ಒಣಗಿ, ತಿರುಗಾಟಕ್ಕೆ ಹದವಾಗಿರುವ ದಿನಗಳಲ್ಲೇ ಗಿಡದಲ್ಲಿ ಹಣ್ಣು, ಕಣದಲ್ಲಿ ಕಾಫಿ, ಅಂಗಳದಲ್ಲಿ ಅಡಿಕೆ.

ಹಾಗೆಂದು ನಾವು ಎಲ್ಲಿಗೂ ಹೋಗಲೇಬಾರದೆ? ಈ ಪ್ರಶ್ನೆಯ ಮೇಲೆ ಒಂದು ಗಂಟೆ ಚರ್ಚೆಯಾಗಿ ಕೊನೆಗೆ ಒಂದು ಯೋಜನೆ ರೂಪುಗೊಂಡಿತು. ಸಭೆಗೆ ಬಾರದ ಸದಸ್ಯರ ಅವಗಾಹನೆಗಾಗಿ ಅದನ್ನು ಇಲ್ಲಿ ಕೊಡುತ್ತಿದ್ದೇವೆ.

ಯಾವಾಗ ಹೊರಡುವುದು?

ದಾರಿಗಿಂತ ಮೊದಲು ದಿನ ಗೊತ್ತಾಗಬೇಕು. ಅರೇಬಿಕಾ ಮಾತ್ರ ಇರುವವರಿಗೆ ಜನವರಿ ಮಧ್ಯದ ಹೊತ್ತಿಗೆ ಕುಯ್ಲು ಬಹುಮಟ್ಟಿಗೆ ಮುಗಿದಿರುತ್ತದೆ. ಪಾರ್ಚ್‌ಮೆಂಟ್ ಒಣಗಿ ಚೀಲ ಸೇರಿದ್ದರೆ ಜನವರಿ ಕೊನೆಯ ವಾರ ಅವರಿಗೆ ಅನುಕೂಲ. ಇದು ಮೊದಲನೆಯ ತಂಡ.

ರೊಬಸ್ಟಾ ಇರುವವರಿಗೆ ಆಗ ಕುಯ್ಲು ಬಿರುಸಿನಲ್ಲಿರುತ್ತದೆ. ಅದು ಮುಗಿದೊಡನೆ ಸ್ಪ್ರಿಂಕ್ಲರ್ ಇಟ್ಟವರು ಹೂವಿಗೆ ನೀರು ಕೊಡಬೇಕು. ಹೂ ನೀರು ಕೊಟ್ಟು 15ರಿಂದ 20 ದಿನಗಳ ನಂತರ ಬ್ಯಾಕಿಂಗ್ ನೀರು. ಈ ಎರಡರ ನಡುವೆ ಒಂದು ವಾರ ಕಳ್ಳತನದಲ್ಲಿ ಸಿಕ್ಕಿದ ಹಾಗೆ ಸಿಗುತ್ತದೆ. ಎರಡನೆಯ ತಂಡಕ್ಕೆ ಅದೇ ಮುಹೂರ್ತ. ಪಂಚಾಂಗ ನೋಡಬೇಡಿ, ಪಂಪ್‌ಸೆಟ್ ನೋಡಿ.

ಹೊರಡುವ ವಾರವೂ ಮುಖ್ಯ. ನಾವು ನೋಡಬೇಕಾದ ಸಂಶೋಧನಾ ಕೇಂದ್ರಗಳು ಶನಿವಾರ, ಭಾನುವಾರ ಮುಚ್ಚಿರುತ್ತವೆ. ಆದ್ದರಿಂದ ಶನಿವಾರ ಹೊರಟು ಮುಂದಿನ ಶುಕ್ರವಾರ ಹಿಂತಿರುಗುವುದೆಂದು ಗೊತ್ತುಮಾಡಿದೆ.

ಯಾವ ವಾಹನ?

ಹಾಸಿಗೆ, ಒಲೆಗಳಿರುವ ಕ್ಯಾರವಾನ್ ಗಾಡಿಗಳು ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತವೆ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿಯನ್ನು ತಂದಿತು. 2022ರಲ್ಲಿ ವಾಗಮಣ್‌ನಲ್ಲಿ ಅಂಥ ಗಾಡಿಗಳು ತಂಗುವ ಮೊದಲ ಉದ್ಯಾನ ತೆರೆಯಿತು. ಆದರೆ ನಾಲ್ಕು ಜನ ಮಲಗುವ ಗಾಡಿಯ ಬಾಡಿಗೆಯನ್ನು ನಾಲ್ಕೇ ಜನ ಹಂಚಿಕೊಳ್ಳುವುದು ಸಣ್ಣ ಬೆಳೆಗಾರನಿಗೆ ಹೊರೆ. ಹನ್ನೆರಡು ಸೀಟಿನ ಒಂದು ವ್ಯಾನಿನಲ್ಲಿ ಎಂಟೇ ಜನ ಹೋಗುವುದು, ಹಿಂದಿನ ಸಾಲಿನ ಜಾಗದಲ್ಲಿ ಒಲೆ, ಪಾತ್ರೆ, ಅಕ್ಕಿ, ಬೇಳೆ, ಹಾಸಿಗೆ ಸುರುಳಿ ಇಡುವುದು ಎಂದು ತೀರ್ಮಾನವಾಯಿತು. ರಾತ್ರಿ ತಂಗುವುದು ಸಾಧಾರಣ ವಸತಿಗೃಹದಲ್ಲಿ. ಹಗಲಿನ ಸಂಸಾರವೆಲ್ಲ ವ್ಯಾನಿನಲ್ಲಿ.

ಇಲ್ಲಿ ಎರಡು ಎಚ್ಚರಿಕೆಗಳು. ಒಂದು: ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇರುವ ಹಳದಿ ಫಲಕದ ವಾಹನವನ್ನೇ ಹಿಡಿಯಬೇಕು. ಪರಿಚಯದವರ ಬಿಳಿ ಫಲಕದ ಗಾಡಿ ಅಗ್ಗವಾಗಿ ಕಾಣಬಹುದು. ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ ವಿಮೆಯ ಹಣಕ್ಕೆ ತಕರಾರು ತಪ್ಪದು. ಎರಡು: ಐದು ಕೆ.ಜಿ.ಯ ಸಣ್ಣ ಅನಿಲದ ಸಿಲಿಂಡರ್ ಸಾಕು. ಗಾಡಿ ಓಡುವಾಗ ರೆಗ್ಯುಲೇಟರ್ ಕಳಚಿಟ್ಟು, ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಕಟ್ಟಿರಬೇಕು. ಒಲೆ ಹಚ್ಚುವುದು ಗಾಡಿಯಿಂದ ಹೊರಗೆ.

ಅಡುಗೆಯ ವಿಷಯ ಬಂದಾಗ ಸದಸ್ಯೆಯೊಬ್ಬರು, "ಅಲ್ಲಿಯೂ ಸೌಟು ನಮ್ಮ ಕೈಯಲ್ಲೇ ಇರುವುದಾದರೆ ನಾವು ಮನೆಯಲ್ಲೇ ಇರುತ್ತೇವೆ, ಒಲೆಯಾದರೂ ಪರಿಚಯದ್ದು" ಎಂದು ಖಂಡಿತವಾಗಿ ಹೇಳಿದರು. ಆದ್ದರಿಂದ ಮಧ್ಯಾಹ್ನದ ಊಟ ಹೋಟೆಲಿನಲ್ಲಿ. ಬೆಳಗಿನ ಕಾಫಿ ಮತ್ತು ರಾತ್ರಿಯ ಅನ್ನ ಸಾರಿನ ಹೊಣೆ ಗಂಡಸರದು. ಕಾಫಿಪುಡಿ ಮಾತ್ರ ನಮ್ಮದೇ, ಫಿಲ್ಟರ್ ಸಹಿತ.

ದಾರಿ ಮತ್ತು ದಿನಚರಿ

ಒಟ್ಟು ಸುಮಾರು 800 ಕಿ.ಮೀ. ಸುತ್ತು. ಹೋದ ದಾರಿಯಲ್ಲಿ ಹಿಂತಿರುಗುವುದಿಲ್ಲ.

ಶನಿವಾರ ಬೆಳಗಿನ ಜಾವ ಆಲ್ದೂರು ಬಿಟ್ಟು ಚಿಕ್ಕಮಗಳೂರು, ಬೇಲೂರು, ಹಾಸನ, ಮೈಸೂರು ಮಾರ್ಗವಾಗಿ ಗುಂಡ್ಲುಪೇಟೆಯಲ್ಲಿ ತಂಗುವುದು. ಮುಂದೆ ಬಂಡೀಪುರದ ಕಾಡು. ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷಿದ್ಧ. ತಡವಾಗಿ ಹೋಗಿ ಗೇಟಿನ ಮುಂದೆ ರಾತ್ರಿ ಕಳೆಯುವುದಕ್ಕಿಂತ ಗುಂಡ್ಲುಪೇಟೆಯಲ್ಲಿ ನಿದ್ದೆ ಮಾಡುವುದು ಲೇಸು. ಕಾಡಿನೊಳಗೆ ಗಾಡಿ ನಿಲ್ಲಿಸುವಂತಿಲ್ಲ. ಆನೆ ನೋಡುವ ಆಸೆ ಆಲ್ದೂರಿನವರಿಗೆ ಹೇಗೂ ಇರಲಾರದು.

ಭಾನುವಾರ ಸುಲ್ತಾನ್ ಬತ್ತೇರಿ, ಕಲ್ಪೆಟ್ಟ. ವಯನಾಡಿನ ಜೈನ ಮನೆತನಗಳು ಹಿಂದೆ ಕನ್ನಡನಾಡಿನಿಂದ ಹೋಗಿ ನೆಲೆಸಿದವು. ಕಾಫಿ ತೋಟಗಳಲ್ಲಿ ಅವರ ಹೆಸರು ದೊಡ್ಡದು. ಬತ್ತೇರಿಯ ಹಳೆಯ ಕಲ್ಲಿನ ಬಸದಿಯನ್ನೂ ಕಲ್ಪೆಟ್ಟದ ಹತ್ತಿರ ಪುಳಿಯಾರ್‌ಮಲೆಯ ಅನಂತನಾಥ ಬಸದಿಯನ್ನೂ ನೋಡಬಹುದು. ಸೋಮವಾರ ಚುಂಡೇಲಿನಲ್ಲಿರುವ ಕಾಫಿ ಮಂಡಳಿಯ ಪ್ರಾದೇಶಿಕ ಸಂಶೋಧನಾ ಕೇಂದ್ರ. ವಯನಾಡು ಮುಖ್ಯವಾಗಿ ರೊಬಸ್ಟಾದ ನಾಡು. 2019ರಲ್ಲಿ ನಮ್ಮ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳ ಜೊತೆಯಲ್ಲೇ ವಯನಾಡು ರೊಬಸ್ಟಾಕ್ಕೂ ಭೌಗೋಳಿಕ ಗುರುತು ದೊರೆಯಿತು. ಒಂದೆರಡು ಎಕರೆಯಲ್ಲಿ ಕಾಫಿ, ಮೆಣಸು, ಅಡಿಕೆ, ಬಾಳೆಗಳನ್ನು ಒಟ್ಟಿಗೆ ಬೆಳೆದು ಸಂಸಾರ ನಡೆಸುವವರು ಅಲ್ಲಿ ಬಹಳ. ಆ ಲೆಕ್ಕವನ್ನು ಅವರ ಬಾಯಲ್ಲೇ ಕೇಳಬೇಕು. ಇದೇ ಜಿಲ್ಲೆಯ ಮುಂಡಕ್ಕೈ, ಚೂರಲ್‌ಮಲೆಗಳು 2024ರ ಜುಲೈ 30ರಂದು ಭೂಕುಸಿತದಲ್ಲಿ ಕೊಚ್ಚಿಹೋದವು. 2019ರ ಆಗಸ್ಟಿನಲ್ಲಿ ನಮ್ಮ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜಾರಿದ್ದನ್ನು ಕಂಡ ನಾವು ಅದನ್ನು ತಮಾಷೆ ನೋಡಲು ಹೋಗುವವರಲ್ಲ. ಕೈಮುಗಿದು ಮುಂದೆ ಸಾಗುವುದು.

ಸೋಮವಾರ ಬೆಳಕಿರುವಾಗಲೇ ಒಂಬತ್ತು ತಿರುವುಗಳ ತಾಮರಶ್ಶೇರಿ ಘಾಟಿ ಇಳಿದು ಕಲ್ಲಿಕೋಟೆ. ಮಂಗಳವಾರ ಅಲ್ಲಿಯ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ. ಸೊರಗು ರೋಗಕ್ಕೆ ಮೆಣಸಿನ ಬಳ್ಳಿ ಕಳೆದುಕೊಂಡವರು ಅದನ್ನು ತಕ್ಕಮಟ್ಟಿಗೆ ತಾಳಿಕೊಳ್ಳುವ 'ತೇವಂ' ತಳಿಯ ಬಗ್ಗೆ ವಿಚಾರಿಸಬಹುದು. ಬುಧವಾರ ಕಣ್ಣೂರಿನಿಂದ ಆಚೆ ತಳಿಪರಂಬದ ಬಳಿ ಪನ್ನಿಯೂರು. ನಮ್ಮಲ್ಲಿ ಎಲ್ಲರ ಬಾಯಲ್ಲಿರುವ 'ಪಣಿಯೂರು' ಮೆಣಸು ಹುಟ್ಟಿದ್ದು ಅಲ್ಲಿಯೇ. ಉತ್ತಿರಂಕೊಟ್ಟ ಮತ್ತು ಚೆರಿಯಕಣಿಯಕ್ಕಾಡನ್ ಎಂಬ ಎರಡು ನಾಡ ತಳಿಗಳ ಕೂಡಿಕೆಯಿಂದ ಬಂದ ಪನ್ನಿಯೂರು-1ನ್ನು ಬೆಳೆಗಾರರಿಗೆ ಬಿಡುಗಡೆ ಮಾಡಿದ್ದು 1971ರಲ್ಲಿ. ಅದಕ್ಕೆ ಬಿಸಿಲು ಬೇಕು. ದಟ್ಟ ನೆರಳಿನಲ್ಲಿ ಫಲ ಕಡಿಮೆ. ನೆರಳು ಕಡಿಯದೆ ಬಳ್ಳಿ ಹಬ್ಬಿಸಿ ತಳಿಯನ್ನು ಬೈದವರು ನಮ್ಮಲ್ಲಿ ಹಲವರಿದ್ದಾರೆ. ಬೈದವರಲ್ಲಿ ನಾವೂ ಒಬ್ಬರು.

ಗುರುವಾರ ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ನಂತರ 1956ರಲ್ಲಿ ಅಡಿಕೆಗೆಂದೇ ಆರಂಭವಾದ ವಿಟ್ಲದ ಕೇಂದ್ರ. ಮಂಗಳ ತಳಿ ಬಂದದ್ದು ವಿಟ್ಲದಿಂದ. ಮರ ಹತ್ತುವ ಆಳು ಸಿಗದ ಈ ಕಾಲದಲ್ಲಿ ಅಲ್ಲಿಯ ಗಿಡ್ಡ ತಳಿಯ ಸಂಕರಗಳನ್ನು ಕಣ್ಣಾರೆ ನೋಡಬೇಕು. ಶುಕ್ರವಾರ ಪುತ್ತೂರಿನಲ್ಲಿ ಕ್ಯಾಂಪ್ಕೋ ಸಂಸ್ಥೆಯ ಚಾಕಲೇಟ್ ಕಾರ್ಖಾನೆ. 1973ರಲ್ಲಿ ಅಡಿಕೆಗಾಗಿ ಹುಟ್ಟಿದ ಸಹಕಾರಿ ಸಂಸ್ಥೆ ಕೋಕೋ ಬೆಳೆಗಾರರ ಕೈ ಹಿಡಿದು 1986ರಲ್ಲಿ ಈ ಕಾರ್ಖಾನೆ ಕಟ್ಟಿತು. ಸಹಕಾರವೆಂದರೆ ಗೊಬ್ಬರ ಹಂಚುವುದಷ್ಟೇ ಎಂದು ತಿಳಿದವರು ಅದನ್ನು ತಪ್ಪದೆ ನೋಡಬೇಕು. ಅಲ್ಲಿಂದ ಉಜಿರೆ, ಚಾರ್ಮಾಡಿ. ಸಂಜೆಯ ಮಂಜು ಇಳಿಯುವ ಮೊದಲೇ ಘಾಟಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮೂಡಿಗೆರೆ ಮೇಲೆ ಮನೆಗೆ.

ತರಬಾರದ್ದು

ಪ್ರವಾಸದಿಂದ ಬರುವವರು ಚೀಲದಲ್ಲಿ ಸಸಿ, ಬಳ್ಳಿ ತುಂಬಿಕೊಂಡು ಬರುವುದು ವಾಡಿಕೆ. ಈ ಸಲ ಅದು ಕೂಡದು. ರಸ್ತೆ ಬದಿಯಲ್ಲಿ ಕೊಂಡ ಮೆಣಸಿನ ಬಳ್ಳಿಯ ಬೇರಿನ ಮಣ್ಣಿನಲ್ಲಿ ಸೊರಗು ರೋಗವೂ ಜಂತುಹುಳುವೂ ಬರಬಹುದು. ಬೇಕಾದ ತಳಿಯನ್ನು ಸಂಶೋಧನಾ ಕೇಂದ್ರದಿಂದಲೇ ಸಂಘದ ಮೂಲಕ ತರಿಸೋಣ.

ಕೊಂಡೊಯ್ಯುವುದರಲ್ಲಿಯೂ ಅಷ್ಟೇ ಎಚ್ಚರ ಬೇಕು. ಕಳಸದ ಕಡೆಯ ತೋಟಗಳನ್ನು ಅಡಿಕೆಯ ಎಲೆಚುಕ್ಕೆ ರೋಗ ಎಷ್ಟು ಹಾಳುಮಾಡಿದೆಯೆಂದು ಹೇಳಬೇಕಾಗಿಲ್ಲ. ರೋಗದ ಎಲೆಯನ್ನು ಮಾದರಿಗೆಂದು ಬಿಚ್ಚುಗೈಯಲ್ಲಿ ಇನ್ನೊಬ್ಬರ ತೋಟಕ್ಕೆ ಒಯ್ದರೆ ನಾವೇ ರೋಗ ಹಂಚಿದಂತೆ. ಫೋಟೋ ತೋರಿಸಿದರೆ ಸಾಕು. ಪ್ರತಿ ತೋಟ ಬಿಡುವಾಗಲೂ ಚಪ್ಪಲಿಯ ಮಣ್ಣು ತೊಳೆದು ಗಾಡಿ ಹತ್ತತಕ್ಕದ್ದು.

ಮುಯ್ಯಿ

ಇನ್ನು ಮುಖ್ಯ ವಿಷಯ. ಏಳು ದಿನ ಮನೆ ಬಿಟ್ಟರೆ ಕಣ, ದನ, ಪಂಪು, ಆಳುಗಳನ್ನು ನೋಡುವವರಾರು?

2021ರ ಜನವರಿಯ ಮೊದಲ ವಾರ ನಾವು ಮೈಸೂರಿಗೆ ಮದುವೆಗೆಂದು ಹೋದೆವು. ಎರಡು ದಿನದ ಮಾತು, ಮಳೆಗಾಲ ಕಳೆದು ಎಷ್ಟೋ ದಿನವಾಗಿದೆ ಎಂಬ ಧೈರ್ಯದಿಂದ ಯಾರಿಗೂ ಹೇಳಲಿಲ್ಲ. ಆ ಅಕಾಲದ ಮಳೆಯನ್ನು ತಾವ್ಯಾರೂ ಮರೆತಿರಲಾರಿರಿ. ನಮ್ಮ ಕಣದ ತುಂಬ ಚೆರ್ರಿ ಹರಡಿತ್ತು. ಗಾಬರಿಯಿಂದ ಓಡಿಬಂದು ನೋಡಿದರೆ ಮುಕ್ಕಾಲು ಭಾಗ ರಾಶಿಯಾಗಿ ಟಾರ್ಪಾಲಿನ ಕೆಳಗೆ ಬೆಚ್ಚಗಿತ್ತು. ಪಕ್ಕದ ತೋಟದ ಹಿರಿಯರು ಮೋಡ ಕಂಡವರೇ ಹೆಂಡತಿಯನ್ನು ಕರೆದುಕೊಂಡು ಬಂದು ಮುಚ್ಚಿದ್ದರು. ಟಾರ್ಪಾಲು ಅವರದು. ಅವರ ಸ್ವಂತ ಕಣದ ಕಾಫಿ ನೆನೆದು ಬೂಷ್ಟು ಹಿಡಿಯಿತು.

ಹೀಗೇಕೆ ಮಾಡಿದಿರಿ ಎಂದು ಕೇಳಿದೆವು. "ನಾವು ಮನೆಯಲ್ಲಿದ್ದೆವು, ನೀವು ಇರಲಿಲ್ಲ" ಎಂದರು. ಆ ವರ್ಷ ಅವರಿಗೆ ಬಂದ ನಷ್ಟವನ್ನು ಹಂಚಿಕೊಳ್ಳುತ್ತೇವೆಂದರೂ ಒಪ್ಪಲಿಲ್ಲ.

ಮುಯ್ಯಾಳು ನಮ್ಮ ಮಲೆನಾಡಿಗೆ ಹೊಸದಲ್ಲ. ನಾಟಿಗೂ ಕೊಯ್ಲಿಗೂ ಒಬ್ಬರ ಗದ್ದೆಗೆ ಇನ್ನೊಬ್ಬರು ಇಳಿದೇ ನಮ್ಮ ಹಿರಿಯರು ಬದುಕಿದರು. ಗದ್ದೆ ಹೋಗಿ ತೋಟವಾದ ಮೇಲೆ ಆ ಪದ್ಧತಿ ಸಡಿಲವಾಯಿತು. ಅದನ್ನೇ ಈ ಪ್ರವಾಸಕ್ಕೆ ಹೂಡಿದ್ದೇವೆ. ಮೊದಲ ತಂಡದವರ ಮನೆಯನ್ನು ಎರಡನೆಯ ತಂಡದವರು ನೋಡಿಕೊಳ್ಳುವುದು. ಅವರು ಹೊರಟಾಗ ಇವರು. ಹೊರಡುವವರು ಒಂದು ಚೀಟಿ ಬರೆದಿಡಬೇಕು: ಕಣದಲ್ಲಿ ಏನಿದೆ, ಎಷ್ಟು ದಿನ ಒಣಗಿದೆ, ಟಾರ್ಪಾಲು ಎಲ್ಲಿದೆ, ಪಂಪಿನ ಬೀಗದ ಕೈ ಯಾರಲ್ಲಿದೆ, ಆಳುಗಳ ವಾರದ ಬಟವಾಡೆ ಎಷ್ಟು, ದನದ ವೈದ್ಯರ ಫೋನ್ ಯಾವುದು. ಬಟವಾಡೆಯ ಹಣ ಮುಂಗಡವಾಗಿ ನೋಡಿಕೊಳ್ಳುವವರ ಕೈ ಸೇರಿರಬೇಕು. ಆನೆಯ ಸುಳಿವಿರುವ ದಿನ ಕತ್ತಲಾದ ಮೇಲೆ ಯಾರೂ ಒಂಟಿಯಾಗಿ ಇನ್ನೊಬ್ಬರ ಕಣಕ್ಕೆ ಹೋಗತಕ್ಕದ್ದಲ್ಲ. ಕಾಫಿ ಹೋದರೆ ಮುಂದಿನ ವರ್ಷ ಬರುತ್ತದೆ.

ಹೆಸರು ಕೊಡುವವರು ಈ ತಿಂಗಳ ಕೊನೆಯೊಳಗೆ ಸಂಘದ ಕಚೇರಿಗೆ ಬರಬೇಕು. ಗಂಡ ಹೆಂಡತಿ ಇಬ್ಬರೂ ಹೋಗುವುದಾದರೆ ಮೊದಲ ಆದ್ಯತೆ. ವಾಹನದ ಬಾಡಿಗೆ, ಚಾಲಕರ ಬತ್ತೆ, ವಸತಿಯ ವೆಚ್ಚಗಳನ್ನು ಎಂಟು ಪಾಲು ಮಾಡಿ, ಹಿಂತಿರುಗಿದ ವಾರದಲ್ಲೇ ಲೆಕ್ಕವನ್ನು ಫಲಕಕ್ಕೆ ಹಾಕಲಾಗುವುದು. ಸಂಶೋಧನಾ ಕೇಂದ್ರಗಳಿಗೆ ನಾವೇ ಪತ್ರ ಬರೆಯುತ್ತೇವೆ.

ಮೊದಲ ತಂಡದ ಪಟ್ಟಿಯಲ್ಲಿ ಈಗಾಗಲೇ ಎರಡು ಹೆಸರು ಬಿದ್ದಿವೆ. ಪಕ್ಕದ ತೋಟದ ಆ ಹಿರಿಯರು ಮತ್ತು ಅವರ ಪತ್ನಿ. ಮೈಸೂರಿನಿಂದ ಆಚೆ ಅವರಿಬ್ಬರೂ ಹೋದವರಲ್ಲ, ಸಮುದ್ರ ಕಂಡವರಲ್ಲ. ಒಪ್ಪಿಸಲು ಮೂರು ಸಂಜೆ ಬೇಕಾಯಿತು. "ಕಣ?" ಎಂದು ಒಂದೇ ಮಾತು ಕೇಳುತ್ತಿದ್ದರು.

ಆದ್ದರಿಂದ ಕಾರ್ಯದರ್ಶಿಗಳೇಕೆ ಹೊರಡಲಿಲ್ಲವೆಂದು ಯಾರೂ ಕೇಳಬಾರದಾಗಿ ವಿನಂತಿ. ಆ ಏಳು ದಿನ ನಮ್ಮನ್ನು ಕಾಣಬೇಕಾದವರು ಪಕ್ಕದ ತೋಟದ ಕಣಕ್ಕೆ ಬರಬೇಕು. ಟಾರ್ಪಾಲು ಈ ಸಲ ನಮ್ಮದು.