ಜೀಪಿನ ಐದನೆಯ ಗಾಲಿ

ಮೋಟಾರು ಗಾಡಿಗೆ ಗಾಲಿಗಳೆಷ್ಟೆಂದು ಕೇಳಿದರೆ ಮನೆಯ ಮಕ್ಕಳೆಲ್ಲರೂ ನಾಲ್ಕೆಂದೇ ಹೇಳುವರು. ಗಾಡಿಯ ಬೆನ್ನಿನ ಮೇಲೋ ಹೊಟ್ಟೆಯ ಕೆಳಗೋ ತೂಗುತ್ತಿರುವ ಐದನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಂಕ್ಚರಾದ ದಿನ ಮಾತ್ರ ಅದರ ನೆನಪಾಗುವುದು. ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲವನ್ನು ಕೊಡುವ ಜೀಪಿನಂಥ ಗಾಡಿಗಳನ್ನು ಇಟ್ಟುಕೊಂಡಿರುವ ಗೃಹಸ್ಥರು ಈ ಐದನೆಯ ಗಾಲಿಯ ಅಳತೆಯ ವಿಷಯದಲ್ಲಿ ತೋರುವ ಉದಾಸೀನವು ಎಂಥ ನಷ್ಟಕ್ಕೆ ದಾರಿಯಾಗುವುದೆಂಬುದನ್ನು ವಾಚಕರ ಮುಂದಿಡುವುದು ಅವಶ್ಯವೆಂದು ನಮಗೆ ತೋರಿದೆ.

ಇದಕ್ಕೆ ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನ ಜಾಲಹಳ್ಳಿಯ ಸೀಮೆಗಿಂತ ತಕ್ಕ ಉದಾಹರಣೆ ದೊರೆಯುವುದು ಕಷ್ಟ. ಜಾಲಹಳ್ಳಿ ಎಂದೊಡನೆ ಬೆಂಗಳೂರಿನವರಿಗೆ ವಿಮಾನದಳದ ಠಾಣ್ಯವು ನೆನಪಾಗಬಹುದು. ನಾವು ಹೇಳುತ್ತಿರುವುದು ಕೃಷ್ಣೆಯ ಕಡೆಯ ಜಾಲಹಳ್ಳಿ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ನಾಡನ್ನು ಪೂರ್ವಿಕರು ಎಡೆದೊರೆನಾಡೆಂದು ಕರೆದರು. ಇಲ್ಲಿಯ ನೆಲದ ಬಹುಭಾಗ ಕರಿಯ ಎರೆಮಣ್ಣು. ಬೇಸಗೆಯಲ್ಲಿ ಕೈ ಹೊಗುವಷ್ಟು ಬಿರುಕು ಬಿಡುವ ಈ ಮಣ್ಣು ಮಳೆ ಬಿದ್ದೊಡನೆ ನೀರು ಕುಡಿದು ಉಬ್ಬಿ, ಅಂಟಿನಂತಾಗಿ, ಟಾಯರಿನ ಹಲ್ಲುಗಳ ಸಂದಿಯನ್ನೆಲ್ಲ ತುಂಬಿ, ಗಾಲಿಯನ್ನು ಬೆಣ್ಣೆಯ ಉಂಡೆಯಂತೆ ನುಣ್ಣಗೆ ಮಾಡಿಬಿಡುವುದು. ಹಿಂದಿನ ಎರಡೇ ಗಾಲಿಗಳು ತಿರುಗುವ ಗಾಡಿಯು ಅಂಥ ಹೊಲದ ದಾರಿಯಲ್ಲಿ ನಿಂತಲ್ಲೇ ಗಿರಗಿರನೆ ತಿರುಗಿಸಿ ತನ್ನ ಹಳ್ಳವನ್ನು ತಾನೇ ತೋಡಿಕೊಳ್ಳುತ್ತದೆ. ಆದುದರಿಂದ ಹತ್ತಿ, ಜೋಳ, ತೊಗರಿಗಳ ಹೊಲಗಳಿಗೂ, ನಾರಾಯಣಪುರ ಬಲದಂಡೆ ಕಾಲುವೆಯ ನೀರುಂಡ ಬತ್ತದ ಗದ್ದೆಗಳಿಗೂ ಹೋಗಿಬರುವ ಸ್ಥಿತಿವಂತರು ಜೀಪನ್ನು ಇಟ್ಟುಕೊಳ್ಳುವುದು ಡೌಲಿಗಾಗಿ ಅಲ್ಲ. ನಡುರಾತ್ರಿಯಲ್ಲಿ ಹೆರಿಗೆಯ ನೋವು ಹತ್ತಿದ ಹೆಣ್ಣುಮಗಳನ್ನು ಹೊಲದ ಮನೆಯಿಂದ ದೇವದುರ್ಗಕ್ಕೋ, ಅಲ್ಲಿಂದಾಚೆ ರಾಯಚೂರಿನ ದೊಡ್ಡ ಆಸ್ಪತ್ರೆಗೋ ಮುಟ್ಟಿಸಬೇಕಾದಾಗ ಅದರ ಬೆಲೆಯು ತಿಳಿಯುವುದು. ಅಂಥ ರಾತ್ರಿಯೇ ಗಾಲಿಯೂ ಒಡೆಯಬಹುದಲ್ಲವೆ!

ಈ ಹೆಚ್ಚಿನ ಗಾಲಿಗೆ ನಮ್ಮ ಜನರೆಲ್ಲರೂ ಸ್ಟೆಪ್ನಿ ಎನ್ನುತ್ತಾರೆ. ಈ ಹೆಸರು ಬಂದ ಕಥೆ ಸ್ವಾರಸ್ಯವಾದದ್ದು. ಮೊದಮೊದಲ ಮೋಟಾರುಗಳಿಗೆ ಹೆಚ್ಚಿನ ಗಾಲಿಯೇ ಇರಲಿಲ್ಲ. ವೇಲ್ಸ್ ದೇಶದ ಲನೆಲ್ಲಿ ಎಂಬ ಪಟ್ಟಣದಲ್ಲಿ ಥಾಮಸ್ ಮಾರಿಸ್ ಡೇವಿಸ್ ಎಂಬವನು ೧೯೦೪ರ ಸುಮಾರಿನಲ್ಲಿ ಒಂದು ಉಪಾಯವನ್ನು ಕಂಡುಹಿಡಿದನು. ಕಡ್ಡಿಗಳಿಲ್ಲದ ಬರಿಯ ಬಳೆಯಂಥ ರಿಮ್ಮು, ಅದರ ಮೇಲೆ ಗಾಳಿ ತುಂಬಿದ ಟಾಯರು. ಒಡೆದ ಗಾಲಿಯನ್ನು ಕಳಚದೆಯೇ ಇದನ್ನು ಅದರ ಮಗ್ಗುಲಿಗೆ ಹಿಡಿಕೆಗಳಿಂದ ಬಿಗಿದು ಗಾಡಿಯನ್ನು ಮನೆಗೆ ಸಾಗಿಸುವುದು. ಅವನ ಕಾರ್ಖಾನೆಯಿದ್ದ ಬೀದಿಯ ಹೆಸರು ಸ್ಟೆಪ್ನಿ. ಇಂಗ್ಲಿಷರು ತಾವೇ ಆ ಮಾತನ್ನು ಮರೆತಿದ್ದಾರೆ. ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಮಾತ್ರ ಅದು ಚಿರಂಜೀವಿಯಾಗಿದೆ. ಹೀಗೆ ಸ್ಟೆಪ್ನಿಯು ಹುಟ್ಟಿದ್ದೇ ತಾತ್ಕಾಲಿಕದ ಊರುಗೋಲಾಗಿ. ಎರಡೇ ಗಾಲಿಗಳು ಎಳೆಯುವ ಗಾಡಿಗೆ ಈ ಊರುಗೋಲು ಒಂದಿಷ್ಟು ಗಿಡ್ಡವಾದರೂ ಹೇಗೋ ನಡೆದೀತು. ಆದರೆ ನಾಲ್ಕೂ ಗಾಲಿಗಳು ಎಳೆಯುವ ಜೀಪು ೧೯೪೧ರಿಂದ ಮಹಾಯುದ್ಧಕ್ಕಾಗಿ ಅಮೇರಿಕೆಯಲ್ಲಿ ಸಾವಿರ ಸಾವಿರವಾಗಿ ತಯಾರಾಗಿ, ೧೯೪೭ರಲ್ಲಿ ಮುಂಬಯಿಯ ಮಹೀಂದ್ರರವರು ಅದರ ಭಾಗಗಳನ್ನು ತರಿಸಿ ಜೋಡಿಸತೊಡಗಿದ ಮೇಲೆ ನಮ್ಮ ದೇಶದಲ್ಲಿಯೂ ಹಬ್ಬಿತು. ಇದರ ಧರ್ಮವೇ ಬೇರೆ.

ಆ ಧರ್ಮವನ್ನು ತಿಳಿಯಬೇಕಾದರೆ ಎತ್ತಿನ ಬಂಡಿಯಿಂದ ಆರಂಭಿಸಬೇಕು. ಬಂಡಿಯ ಅಚ್ಚು ತಿರುಗುವುದಿಲ್ಲ. ಗಾಲಿಗಳು ಅದರ ಎರಡು ತುದಿಗಳಲ್ಲಿ ತಮ್ಮ ಪಾಡಿಗೆ ತಾವು ತಿರುಗುವುವು. ಒಂದು ಗಾಲಿ ಚಿಕ್ಕದಾದರೆ ಬಂಡಿ ಒಂದು ಮಗ್ಗುಲಿಗೆ ವಾಲೀತು, ಅಷ್ಟೆ. ಚಿಕ್ಕ ಗಾಲಿಯು ಕೆಲವು ಸುತ್ತು ಹೆಚ್ಚಾಗಿ ತಿರುಗಿ ದೊಡ್ಡದರ ಜೊತೆಗೇ ಊರು ಸೇರುವುದು. ಮೋಟಾರಿನಲ್ಲಿ ಗಾಲಿಗಳನ್ನು ಎಂಜಿನ್ನೇ ತಿರುಗಿಸಬೇಕಾಗಿರುವುದರಿಂದ ಅಚ್ಚಿನ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗುಂಡನ್ನು ಇಟ್ಟಿದ್ದಾರೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ, ಒಳಗಿನದು ಕಡಮೆ ದೂರ ಓಡಬೇಕಷ್ಟೆ; ಆ ವ್ಯತ್ಯಾಸವನ್ನು ಈ ಗುಂಡು ನುಂಗಿಕೊಳ್ಳುವುದು. ಎಡಬಲದ ಗಾಲಿಗಳ ಅಳತೆಯಲ್ಲಿ ಭೇದವಿದ್ದರೂ ಅದನ್ನು ಕೆಲವು ಮೈಲಿಗಳ ಮಟ್ಟಿಗೆ ಸಹಿಸಿಕೊಳ್ಳುವುದು.

ಆದರೆ ಜೀಪಿನಲ್ಲಿ ಮುಂದೊಂದು, ಹಿಂದೊಂದು, ಹೀಗೆ ಎರಡು ಗುಂಡುಗಳಿರುತ್ತವೆ. ಚಾಲಕನು ಚಿಕ್ಕ ಹಿಡಿಯನ್ನು ಎಳೆದು ನಾಲ್ಕು ಗಾಲಿಯ ಬಲವನ್ನು ಹಾಕಿದಾಗ ಟ್ರಾನ್ಸ್‌ಫರ್ ಪೆಟ್ಟಿಗೆಯು ಮುಂದಿನ ದಂಡವನ್ನೂ ಹಿಂದಿನ ದಂಡವನ್ನೂ ಒಂದೇ ನೊಗಕ್ಕೆ ಕಟ್ಟಿಬಿಡುವುದು. ಇವೆರಡರ ನಡುವೆ ವ್ಯತ್ಯಾಸವನ್ನು ನುಂಗುವ ಗುಂಡು ಸಾಧಾರಣ ಜೀಪುಗಳಲ್ಲಿ ಇರುವುದಿಲ್ಲ. ಎರಡು ದಂಡಗಳೂ ಸರಿಸಮನಾಗಿ ತಿರುಗಲೇಬೇಕು.

ಈಗ ಲೆಕ್ಕ ಹಾಕೋಣ. ಗಾಡಿಯ ನಾಲ್ಕು ಟಾಯರುಗಳ ಮೇಲೆ ೨೩೫/೭೫ ಆರ್ ೧೫ ಎಂದು ಬರೆದಿದೆ ಎನ್ನಿ. ಟಾಯರಿನ ಅಗಲ ೨೩೫ ಮಿಲಿಮೀಟರು, ಮಗ್ಗುಲ ಗೋಡೆಯ ಎತ್ತರ ಅದರ ನೂರರಲ್ಲಿ ೭೫ ಪಾಲು, ರಿಮ್ಮಿನ ವ್ಯಾಸ ೧೫ ಅಂಗುಲ ಎಂದು ಅದರ ಅರ್ಥ. ಸುತ್ತಳತೆ ಸುಮಾರು ೨೩೦೪ ಮಿಲಿಮೀಟರು ಬರುವುದು. ಸ್ಟೆಪ್ನಿಯು ೨೧೫/೭೫ ಆರ್ ೧೫ ಆಗಿದ್ದರೆ ಸುತ್ತಳತೆ ೨೨೧೦. ರಿಮ್ಮು ಒಂದೇ ಅಳತೆಯದು. ಕಣ್ಣಿಗೆ ಭೇದವೇ ಕಾಣದು. ಅಂಗಡಿಯವನೂ “ಸದ್ಯಕ್ಕ ಇದನ್ನ ಹಾಕ್ಕೊಂಡು ಹೋಗ್ರಿ ಗೌಡ್ರೆ, ಏನೂ ಆಗಂಗಿಲ್ಲ” ಎಂದು ಧೈರ್ಯ ಹೇಳುವನು. ಆದರೆ ಒಂದು ಕಿಲೋಮೀಟರು ಓಡುವಷ್ಟರಲ್ಲಿ ದೊಡ್ಡ ಗಾಲಿ ೪೩೪ ಸುತ್ತು, ಚಿಕ್ಕದು ೪೫೨ ಸುತ್ತು ತಿರುಗುವುದು. ಡಿಫರೆನ್ಷಿಯಲಿನ ಪಾಲುಗಾರಿಕೆಯಿಂದ ಇದರ ಅರ್ಧದಷ್ಟು, ಅಂದರೆ ಕಿಲೋಮೀಟರಿಗೆ ಒಂಬತ್ತು ಸುತ್ತಿನಷ್ಟು, ಆ ಅಚ್ಚು ಇನ್ನೊಂದಕ್ಕಿಂತ ಮುಂದೆ ಓಡಲೆಳಸುವುದು. ನೊಗಕ್ಕೆ ಕಟ್ಟಿದ ಜೋಡಿ ಎತ್ತುಗಳಲ್ಲಿ ಒಂದು ಸದಾ ಮುಂದೆ ಜಗ್ಗುತ್ತಿದ್ದರೆ ಹೇಗೋ ಹಾಗೆ.

ಈ ಒಂಬತ್ತು ಸುತ್ತುಗಳು ಎಲ್ಲಿಯಾದರೂ ಕಳೆಯಬೇಕು. ಎರೆಮಣ್ಣಿನ ಕೆಸರಿನಲ್ಲಿ ಗಾಲಿಯು ಸುಲಭವಾಗಿ ಜಾರುವುದರಿಂದ ಅವು ಅಲ್ಲಿಯೇ ಕಳೆದುಹೋಗುವುವು. ಗಾಡಿಗೆ ನೋವು ತಟ್ಟದು. ಒಣ ಡಾಂಬರಿನ ಮೇಲೆ ಗಾಲಿ ಜಾರಲೊಲ್ಲದು. ಆಗ ಬಿಗಿತವು ದಂಡಗಳಲ್ಲಿಯೂ ಹಲ್ಲುಚಕ್ರಗಳಲ್ಲಿಯೂ ಸೇರುತ್ತ ಹೋಗಿ, ಸ್ಟಿಯರಿಂಗು ಭಾರವಾಗಿ, ತಿರುವಿನಲ್ಲಿ ಗಾಡಿ ಮುಗ್ಗರಿಸಿ, ಕೊನೆಗೆ ಹಿಡಿಯನ್ನು ಎರಡು ಗಾಲಿಗೆ ತರಹೋದರೆ ಅದು ಅಲುಗದಂತಾಗುವುದು. ಹೀಗೆಯೇ ಬಹುದೂರ ಓಡಿಸಿದರೆ ಟಾಯರು ಸವೆಯುವುದಿರಲಿ, ಟ್ರಾನ್ಸ್‌ಫರ್ ಪೆಟ್ಟಿಗೆಯ ಸರಪಳಿ ಅಥವಾ ಹಲ್ಲುಗಳು, ದಂಡದ ಕೀಲುಗಳು ಕೆಡುವುವು. ಒಂದು ಟಾಯರಿನ ಹಣ ಉಳಿಸಹೋಗಿ ಅದರ ಎಷ್ಟೋ ಪಟ್ಟು ತೆರಬೇಕಾಗುವುದು.

ಜಾಲಹಳ್ಳಿಯಂಥ ಕಡೆಗಳಲ್ಲಿ ಅಪಾಯವು ಹೆಚ್ಚಾಗಿರುವುದು ಇದಕ್ಕಾಗಿಯೇ. ಅಲ್ಲಿಯ ಒಂದೇ ಪ್ರಯಾಣದಲ್ಲಿ ಕೆಸರೂ ಉಂಟು, ಡಾಂಬರೂ ಉಂಟು. ಹೊಲದಲ್ಲಿ ನಾಲ್ಕು ಗಾಲಿಯನ್ನು ಹಾಕಿದ ಚಾಲಕನು, ಮನಸ್ಸೆಲ್ಲ ಹಿಂದಿನ ಸೀಟಿನ ರೋಗಿಯ ಮೇಲಿರುವಾಗ, ಹೆದ್ದಾರಿಗೆ ಬಂದ ಮೇಲೆ ಅದನ್ನು ಬಿಡಿಸಲು ಮರೆಯುವುದು ಸಹಜ. ಹೊಳೆ ಬಂದಾಗ ದಾರಿಯೂ ಬೆಳೆಯುವುದು. ೨೦೧೯ರ ಆಗಸ್ಟಿನ ಮಹಾಪೂರದಲ್ಲಿ ಹೂವಿನಹೆಡಗಿಯ ಸೇತುವೆ ಮುಳುಗಿ ದೇವದುರ್ಗದಿಂದ ಶಹಾಪುರಕ್ಕೆ ಹೋಗುವವರು ಸುತ್ತುಬಳಸಿ ಹೋಗಬೇಕಾಯಿತು. ಅಂಥ ಹೊತ್ತಿನಲ್ಲಿ ಹತ್ತು ಮೈಲಿಗೆಂದು ಹಾಕಿದ ಬೇರೆ ಅಳತೆಯ ಗಾಲಿಯು ಬಹುದೂರ ತಿರುಗಬೇಕಾಗುವುದು.

ಹಾಗಾದರೆ ಅಂಥ ಗಾಲಿಯೊಂದೇ ಕೈಯಲ್ಲಿದ್ದಾಗ ಏನು ಮಾಡಬೇಕು? ಗಾಡಿಯನ್ನು ಅಲ್ಲೇ ಬಿಟ್ಟು ಬರಬೇಕೆಂದು ನಾವು ಹೇಳುವುದಿಲ್ಲ. ಎರಡು ಗಾಲಿಯ ಬಲದಲ್ಲಿ ಓಡುವಾಗ ಜೀಪಿನ ಮುಂದಿನ ಗಾಲಿಗಳು ಸುಮ್ಮನೆ ಉರುಳುತ್ತಿರುವುವಾದ್ದರಿಂದ ಬೇರೆ ಅಳತೆಯ ಗಾಲಿಗೆ ತಕ್ಕ ಸ್ಥಳ ಮುಂದಿನದೇ. ಹಿಂದಿನ ಗಾಲಿ ಒಡೆದರೆ, ಮುಂದಿನ ಒಳ್ಳೆಯ ಗಾಲಿಯೊಂದನ್ನು ಬಿಚ್ಚಿ ಹಿಂದಕ್ಕೆ ಹಾಕಿ, ಸ್ಟೆಪ್ನಿಯನ್ನು ಮುಂದಕ್ಕೆ ಕಟ್ಟತಕ್ಕದ್ದು. ಕೆಲಸ ಇಮ್ಮಡಿ, ನಿಜ. ಮಳೆಯಲ್ಲಿ ಬೇಸರವೂ ನಿಜ. ಎರೆಮಣ್ಣಿನಲ್ಲಿ ಜಾಕು ಹೂತುಹೋಗುವುದರಿಂದ ಒಂದು ದಪ್ಪ ಹಲಗೆಯನ್ನು ಗಾಡಿಯಲ್ಲಿ ಯಾವಾಗಲೂ ಇಟ್ಟಿರಬೇಕು. ಹಿಂದಿನ ಅಚ್ಚಿನಲ್ಲಿ ತಾನೇ ಬಿಗಿದುಕೊಳ್ಳುವ ಅಥವಾ ಜಾರನ್ನು ತಡೆಯುವ ಡಿಫರೆನ್ಷಿಯಲ್ ಉಳ್ಳ ಹೊಸ ಗಾಡಿಗಳಲ್ಲಿಯಂತೂ ಹಿಂದೆ ಅಳತೆಗೆಟ್ಟ ಗಾಲಿಯನ್ನು ಹಾಕಲೇಬಾರದು. ಬಳಿಕ ಹಿಡಿಯನ್ನು ಎರಡು ಗಾಲಿಯಲ್ಲಿಟ್ಟು ನಿಧಾನವಾಗಿ ನಡೆಸಬೇಕು. ಬ್ರೇಕು ಹಾಕಿದಾಗ ಗಾಡಿಯು ಒಂದು ಕಡೆಗೆ ಎಳೆಯಬಹುದೆಂಬ ಎಚ್ಚರವಿರಲಿ. ದಾರಿಯಲ್ಲಿ ಕೆಸರು ಸಿಕ್ಕಿದರೆ ನಾಲ್ಕು ಗಾಲಿಯನ್ನು ಹಾಕಿ ದಾಟಬಹುದು, ದಾಟಿದೊಡನೆ ಬಿಡಿಸಬೇಕು. ಹಿಡಿ ಬಿಗಿದುಕೊಂಡಿದ್ದರೆ ಬಲಾತ್ಕಾರ ಮಾಡದೆ ಗಾಡಿಯನ್ನು ನೆಟ್ಟಗೆ ಹತ್ತಿಪ್ಪತ್ತು ಅಡಿ ಹಿಂದಕ್ಕೆ ನಡೆಸಿದರೆ ಬಿಗಿತ ಸಡಿಲಿ ಸಾಮಾನ್ಯವಾಗಿ ಬಿಡಿಸಿಕೊಳ್ಳುವುದು.

ಯಾವಾಗಲೂ ನಾಲ್ಕೂ ಗಾಲಿಗಳು ಎಳೆಯುವ ಬೇರೊಂದು ಜಾತಿಯ ಗಾಡಿಗಳುಂಟು. ಅವುಗಳಲ್ಲಿ ಬಿಡಿಸಲು ಹಿಡಿಯೇ ಇರದು; ಭೇದವನ್ನು ಸಹಿಸುವ ಕ್ಲಚ್ಚು ಸದಾ ಉಜ್ಜಿ ಕಾಯ್ದು ಕೆಡುವುದು. ಜಪಾನಿನ ಸುಬಾರು ಕಂಪನಿಯವರು ತಮ್ಮ ಗಾಡಿಗಳ ನಾಲ್ಕು ಟಾಯರುಗಳ ಸುತ್ತಳತೆಯಲ್ಲಿ ಕಾಲು ಅಂಗುಲಕ್ಕಿಂತ ಹೆಚ್ಚು ಭೇದವಿರಬಾರದೆನ್ನುತ್ತಾರೆ. ಅವರ ಹಿಂದಿನ ಕೆಲವು ಮಾದರಿಗಳಲ್ಲಿ ಚಿಕ್ಕ ಸ್ಟೆಪ್ನಿಯನ್ನು ಹಾಕಿದಾಗ ಒಂದು ಫ್ಯೂಸನ್ನು ಸಿಕ್ಕಿಸಿ ಹಿಂದಿನ ಗಾಲಿಗಳ ಬಲವನ್ನು ನಿಲ್ಲಿಸುವ ಏರ್ಪಾಡಿತ್ತು. ಇಂಥ ಗಾಡಿಯುಳ್ಳವರು ಅದರ ಕೈಪುಸ್ತಕವನ್ನು ಪಂಕ್ಚರಾಗುವ ಮುಂಚೆಯೇ ಓದಿಡುವುದು ಲೇಸು.

ಒಂದೇ ಅಳತೆಯ ಸ್ಟೆಪ್ನಿಯಿದ್ದ ಮಾತ್ರಕ್ಕೆ ನಿಶ್ಚಿಂತೆಯೆನ್ನುವಂತಿಲ್ಲ. ಹೊಸ ಟಾಯರಿನ ಹಲ್ಲು ೮ ಮಿಲಿಮೀಟರು ಇದ್ದು, ಓಡಿದವುಗಳದು ೩ಕ್ಕೆ ಇಳಿದಿದ್ದರೆ ಸುತ್ತಳತೆಯಲ್ಲಿ ೩೧ ಮಿಲಿಮೀಟರು ಭೇದ ಬರುವುದು. ಬಳಸದೆ ಬೆನ್ನಿಗೆ ಕಟ್ಟಿಟ್ಟ ಸ್ಟೆಪ್ನಿಯು ರಾಯಚೂರಿನ ಬಿಸಿಲಿನಲ್ಲಿ ವರ್ಷಗಟ್ಟಲೆ ಒಣಗಿ ಬಿರಿಯುವುದು ಬೇರೆ. ಟಾಯರಿನ ಮಗ್ಗುಲಲ್ಲಿ ಅದು ತಯಾರಾದ ವಾರವನ್ನೂ ವರ್ಷವನ್ನೂ ನಾಲ್ಕು ಅಂಕಿಗಳಲ್ಲಿ ಒತ್ತಿರುತ್ತಾರೆ. ೨೩೧೯ ಎಂದರೆ ೨೦೧೯ನೆಯ ಇಸವಿಯ ಇಪ್ಪತ್ತಮೂರನೆಯ ವಾರ. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಸ್ಟೆಪ್ನಿಯನ್ನೂ ಸೇರಿಸಿ ಐದು ಗಾಲಿಗಳ ಸ್ಥಾನ ಬದಲಿಸುತ್ತಿದ್ದರೆ ಐದೂ ಸಮನಾಗಿ ಸವೆದು ಈ ಎರಡು ತೊಂದರೆಗಳೂ ಒಟ್ಟಿಗೇ ತಪ್ಪುವುವು. ಹಳೆಯ ಜೀಪುಗಳಲ್ಲಿ ನೈಲಾನ್ ಟಾಯರಿಗೆ ಜೊತೆಯಾಗಿ ರೇಡಿಯಲ್ ಟಾಯರನ್ನು ಒಂದೇ ಅಚ್ಚಿಗೆ ಹಾಕುವುದೂ ಸಲ್ಲದು.

ಅಳೆಯಲು ಯಂತ್ರವೇನೂ ಬೇಡ. ಗಾಳಿಯನ್ನು ಸರಿಯಾಗಿ ತುಂಬಿಸಿ, ಟಾಯರಿನ ನಡುವಿಗೆ ಒಂದು ದಾರವನ್ನು ಬಿಗಿಯಾಗಿ ಸುತ್ತಿ, ಆ ದಾರವನ್ನು ಮನೆಯಾಕೆಯ ಹೊಲಿಗೆಯ ಟೇಪಿನಿಂದ ಅಳೆದರೆ ಸಾಕು. ಐದು ಗಾಲಿಗಳ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಗಾಡಿಯಲ್ಲಿಟ್ಟರೆ, ಹೊಸ ಟಾಯರು ಕೊಳ್ಳುವಾಗಲೂ ಉಪಯೋಗಕ್ಕೆ ಬರುವುದು.

ಇನ್ನೊಂದು ಸಂಗತಿ. ಟ್ಯೂಬಿಲ್ಲದ ಟಾಯರುಗಳೂ, ಗಾಳಿಯ ಒತ್ತಡವನ್ನು ಸೂಚಿಸುವ ಉಪಕರಣವೂ, ಪಂಕ್ಚರ್ ಮುಚ್ಚುವ ಸಾಮಾನೂ ಇರುವ, ಮೂರೂವರೆ ಟನ್ನಿನೊಳಗಿನ ಪ್ರಯಾಣಿಕರ ಗಾಡಿಗಳಿಗೆ ಸ್ಟೆಪ್ನಿಯು ಕಡ್ಡಾಯವಲ್ಲವೆಂದು ಭಾರತ ಸರಕಾರವು ೨೦೨೦ರ ಜುಲೈಯಲ್ಲಿ ನಿಯಮವನ್ನು ತಿದ್ದಿತು. ಕೆಲವು ಗಾಡಿಗಳಲ್ಲಿ ಗಂಟೆಗೆ ೮೦ ಕಿಲೋಮೀಟರು ಮೀರಬಾರದೆಂದು ಬರೆದ ಸಣಕಲು ಸ್ಟೆಪ್ನಿಯನ್ನು ಕೊಡುವುದೂ ಉಂಟು. ಪೇಟೆಯ ಬೀದಿಗಳಿಗೆ ಇವು ಸಾಕಾಗಬಹುದು. ಎರೆನಾಡಿನ ಗೃಹಸ್ಥನು ಮಾತ್ರ ಮುಂಗಡ ಕೊಡುವ ಮೊದಲು ಗಾಡಿಯ ಹಿಂದುಗಡೆಗೆ ಹೋಗಿ, ಐದನೆಯ ಗಾಲಿಯ ಮೇಲಿನ ಅಂಕಿಗಳನ್ನು ಉಳಿದ ನಾಲ್ಕರೊಡನೆ ತಾಳೆ ನೋಡಿ, ಬೇರೆಯಾಗಿದ್ದರೆ ಸರಿಯಾದುದನ್ನೇ ಕೊಡಬೇಕೆಂದು ಅಂಗಡಿಯವರಿಂದ ಬರೆಯಿಸಿಕೊಳ್ಳತಕ್ಕದ್ದು.