ಪಕ್ಕದಲ್ಲಿ ಕುಳಿತ ಎದುರಾಳಿ

ಮಾದಾಪುರದಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಮನೆಯೇ ಮಕ್ಕಳಿಗೆ ಆಟದ ಬಯಲು. ಅಂತಹದೊಂದು ಸಂಜೆ ಮಗನು ಟಿ.ವಿ.ಗೆ ಜೋಡಿಸಿದ ಕನ್ಸೋಲಿನಲ್ಲಿ ಯಂತ್ರದೊಡನೆ ಒಬ್ಬನೇ ಕಾದಾಡುತ್ತಿದ್ದ. ಜೊತೆಯಾಡುತ್ತಿದ್ದ ಗೆಳೆಯ ಓದಿಗೆಂದು ಮೈಸೂರು ಸೇರಿದ್ದ. ಗೆದ್ದರೂ ಮಗನ ಮುಖದಲ್ಲಿ ಗೆಲುವಿರಲಿಲ್ಲ. “ಅಪ್ಪಾ, ನೀವಾದರೂ ಬನ್ನಿ” ಎಂದ. ಹೋದೆ, ಸೋತೆ.

ಇಬ್ಬರೇ ಸೆಣಸುವ ಇಂತಹ ಆಟಗಳಿಗೆ ಮಾದರಿಯಾದದ್ದು ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 1991ರಲ್ಲಿ ಹೊರತಂದ ‘ಸ್ಟ್ರೀಟ್ ಫೈಟರ್ 2’. ಮರುವರ್ಷವೇ ಅದು ಮನೆಯ ಕನ್ಸೋಲಿಗೂ ಬಂದಿತು. ನೋಡುವವರಿಗೆ ಅದು ಬರಿಯ ಬಡಿದಾಟ, ಆಡುವವರಿಗೆ ತರ್ಕ. ಹೊಡೆತವನ್ನು ತಡೆ ಗೆಲ್ಲುತ್ತದೆ. ತಡೆಯನ್ನು ಹಿಡಿತ, ಹಿಡಿತವನ್ನು ಹೊಡೆತ. ಆದುದರಿಂದ ಬೆರಳಿನ ಚುರುಕಿನಷ್ಟೇ ಎದುರಾಳಿಯ ಮನಸ್ಸನ್ನು ಓದುವ ಜಾಣ್ಮೆಯೂ ಬೇಕು.

ಕೊಡಗಿಗೆ ಈ ವಿದ್ಯೆ ಹೊಸದಲ್ಲ. ಹುತ್ತರಿಯ ವೇಳೆ ಮಂದ್‌ಗಳಲ್ಲಿ ನಡೆಯುವ ಪರಿಯಕಳಿಯಲ್ಲಿ ಇಬ್ಬರು ಬೆತ್ತ, ಗುರಾಣಿ ಹಿಡಿದು ಸೆಣಸುತ್ತಾರೆ. ಪೆಟ್ಟು ಮೊಣಕಾಲಿನ ಕೆಳಗೇ ಬೀಳಬೇಕು. ಆಟ ಮುಗಿದಾಗ ಅಪ್ಪಿಕೊಳ್ಳಬೇಕು. ಹೊಡೆದವನಿಗೂ ಆ ನೋವಿನ ಅಳತೆ ಗೊತ್ತು.

ಪರದೆಯ ಮೇಲಿನ ಪೆಟ್ಟಿಗೆ ನೋವಿಲ್ಲ. ಅಲ್ಲಿ ಎದುರಾಳಿಯನ್ನು ಮನುಷ್ಯನನ್ನಾಗಿಸುವುದು ಪಕ್ಕದಲ್ಲಿ ಕೇಳುವ ಅವನ ನಿಟ್ಟುಸಿರು, ಅವನ ನಗೆ. ನಾನು ಮೂರನೆಯ ಸಲ ಸೋತಾಗ ಮಗ ಮನಸಾರೆ ನಕ್ಕ. “ಅಪ್ಪಾ, ಮೊದಲು ತಡೆಯುವುದನ್ನು ಕಲಿಯಿರಿ” ಎಂದ. ಊರಿಗೆಲ್ಲ ಪಾಠ ಹೇಳುವವನು ಅಂದು ಶಿಷ್ಯನಾದೆ.

ಬರುವ ವರ್ಷ ಅವನೂ ಓದಿಗಾಗಿ ಊರು ಬಿಡುವವನೇ. ಅಲ್ಲಿಯವರೆಗೆ ಸೋಲುವ ಭಾಗ್ಯ ನನ್ನದಾಗಿರಲಿ.