ಹಳೆಯ ಬಿಲ್ಲಿಗೆ ಹೊಸ ತೆರಿಗೆ ದರ

ಅನುಗೊಂಡನಹಳ್ಳಿಯಲ್ಲಿ ಕಾರುಗೇಟೆಡ್ ರಟ್ಟಿನ ಪೆಟ್ಟಿಗೆ ತಯಾರಿಸುವ ಕಕ್ಷಿದಾರರೊಬ್ಬರು ವೆಬ್‌ಸೈಟಿನ ಮೂಲಕವೇ ಆರ್ಡರು ಪಡೆದು ಬಿಲ್ಲು ನೀಡುತ್ತಾರೆ. 2025ರ ಸೆಪ್ಟೆಂಬರ್ 22ರಂದು ಈ ಪೆಟ್ಟಿಗೆಗಳ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಅವರು ಸರಕುಪಟ್ಟಿಯಲ್ಲಿ ದರ ತಿದ್ದಿದರು. ಬಳಿಕ ಆಗಸ್ಟ್ ತಿಂಗಳ ಬಿಲ್ಲೊಂದನ್ನು ಮರುಮುದ್ರಿಸಿದಾಗ ಅದರಲ್ಲಿಯೂ ಶೇ. 5 ಎಂದೇ ಬಂದಿತು! ಲಕ್ಷ ರೂಪಾಯಿಯ ಸರಕಿಗೆ 12,000 ರೂ. ತೆರಿಗೆ ಕಟ್ಟಿ, ಬಿಲ್ಲಿನಲ್ಲಿ 5,000 ರೂ. ಕಂಡರೆ ತಪಾಸಣೆಯಲ್ಲಿ ಉತ್ತರಿಸುವವರಾರು?

1970ರಲ್ಲಿ ಇ.ಎಫ್. ಕಾಡ್ ಅವರು ಮಂಡಿಸಿದ ರಿಲೇಷನಲ್ ಡೇಟಾಬೇಸ್ ಪದ್ಧತಿಯಲ್ಲಿ ಒಂದೇ ಸಂಗತಿಯನ್ನು ಎರಡೆಡೆ ಬರೆಯಬಾರದೆಂಬುದು ಒಳ್ಳೆಯ ನಿಯಮವೇ. ಅದನ್ನು ನಂಬಿ ತಂತ್ರಾಂಶ ಬರೆದವರು ಬಿಲ್ಲಿನ ಕೋಷ್ಟಕದಲ್ಲಿ ಸರಕಿನ ಸಂಕೇತವನ್ನಷ್ಟೇ ಇರಿಸಿ, ದರವನ್ನು ಪ್ರತಿಬಾರಿಯೂ ಸರಕುಪಟ್ಟಿಯಿಂದ ತರಿಸುತ್ತಿದ್ದರು. ಆದರೆ ಇಂದಿನ ದರ, ಮಾರಾಟದ ದಿನದ ದರ, ಇವು ಒಂದೇ ಸಂಗತಿಯಲ್ಲ. ನಮ್ಮ ಹಿರಿಯರು ಕಿರ್ದಿಯಲ್ಲಿ ಅಂದಿನ ದರವನ್ನೇ ಬರೆದಿಡುತ್ತಿದ್ದರಲ್ಲವೇ?

ಆದುದರಿಂದ ಬಿಲ್ಲಿನ ಪ್ರತಿ ಸಾಲಿನಲ್ಲಿಯೂ ಬೆಲೆ, ತೆರಿಗೆ ದರ ಹಾಗೂ ಮೊತ್ತ ಅಂದೇ ದಾಖಲಾಗಬೇಕು. ದರಪಟ್ಟಿಗೆ 'ಜಾರಿಯಾದ ದಿನಾಂಕ' ಎಂಬ ಅಂಕಣವೂ ಇರಲಿ. ವಾರ್ಷಿಕ ರಿಟರ್ನಿನ ಕಡೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕೆಂಬುದು ಕಾನೂನು. ಓದುಗರು ಇಂದೇ 2025ರ ಆಗಸ್ಟ್ ತಿಂಗಳ ಬಿಲ್ಲೊಂದನ್ನು ಮರುಮುದ್ರಿಸಿ, ಕಡತದಲ್ಲಿರುವ ಮೂಲ ಪ್ರತಿಯೊಡನೆ ತಾಳೆ ನೋಡಬಹುದು.